ನಲ್ಲಿ ಮಾತ್ರೆ ನುಂಗುವುದಿಲ್ಲ: ಶ್ವಾಸಕೋಶದ ಸೋಂಕೊಂದರ ಜಾಡು ಹಿಡಿದ ಪ್ರಕರಣ

ಕಫದ ಸ್ಲೈಡಿನಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು ಕಂಡರೆ ನಮ್ಮ ಕಡೆ ಮೊದಲು ಬಾಯಿಗೆ ಬರುವ ಮಾತು ಟಿಬಿ. ಬಹಳ ಸಲ ಅದು ಸರಿಯೇ ಇರುತ್ತದೆ. ಆದರೆ ಅದೇ ಬಣ್ಣ ಹಿಡಿಯುವ, ನೋಡಲು ಹಾಗೇ ಇರುವ ದಾಯಾದಿಗಳು ಟಿಬಿಗೆ ಬೇಕಾದಷ್ಟಿವೆ. ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಕೊಳವೆಯೊಳಗೆ ಅವು ತಮ್ಮ ಪಾಡಿಗೆ ಬದುಕಿರುತ್ತವೆ. ಇವುಗಳಲ್ಲಿ ತುಂಬಾ ತಲೆನೋವಿನದು ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್. ಮೊದಲ ಸಲ ಸಿಕ್ಕಿದ್ದು 1950ರ ದಶಕದ ಆರಂಭದಲ್ಲಿ, ಒಬ್ಬರ ಮಂಡಿಯ ಕೀವಿನಲ್ಲಿ. ಇಂಗ್ಲಿಷಿನಲ್ಲಿ ಕೀವುಗಡ್ಡೆಗೆ ಅಬ್ಸೆಸ್ ಅನ್ನುತ್ತಾರೆ, ಹೆಸರೂ ಅಲ್ಲಿಂದಲೇ ಬಂತು.

ಈ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅಂತಲೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ನಾನೂ ಹಾಗೇ ಓದಿದ್ದು. ಪರಿಸರದಿಂದ ಬರುತ್ತದೆ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಅಂಟುತ್ತದೆ, ಅಷ್ಟೇ. ಆ ನಂಬಿಕೆ ಅಲುಗಾಡಿದ್ದು ಇಂಗ್ಲೆಂಡಿನ ಒಂದು ಆಸ್ಪತ್ರೆಯ ಪ್ರಕರಣದಿಂದ. ಅದರ ವಿವರ 2013ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೋಗಿಗಳ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆಸ್ಪತ್ರೆಯನ್ನೂ ನಾನು ಹೆಸರಿಸುವುದಿಲ್ಲ, ಏಕೆಂದರೆ ಇಲ್ಲಿ ಮುಖ್ಯವಾದದ್ದು ಯಾರ ತಪ್ಪು ಅನ್ನುವುದಲ್ಲ, ಅವರು ಹೇಗೆ ಕಂಡುಹಿಡಿದರು ಅನ್ನುವುದು.

ಹಿನ್ನೆಲೆ

ಅದು ದೊಡ್ಡವರ ಸಿಸ್ಟಿಕ್ ಫೈಬ್ರೋಸಿಸ್ ಕೇಂದ್ರ. ಈ ಕಾಯಿಲೆ ಹುಟ್ಟಿನಿಂದಲೇ ಬರುತ್ತದೆ. 1989ರಲ್ಲಿ ಪತ್ತೆಯಾದ ಒಂದು ಜೀನ್ ಕೆಟ್ಟಿರುವುದು ಇದಕ್ಕೆ ಕಾರಣ. ಜೀವಕೋಶದಿಂದ ಉಪ್ಪು ಮತ್ತು ನೀರು ಸರಿಯಾಗಿ ಹೊರಗೆ ಬರುವುದಿಲ್ಲ. ಹಾಗಾಗಿ ಶ್ವಾಸಕೋಶದ ಲೋಳೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಬೆವರು ಮಾತ್ರ ವಿಪರೀತ ಉಪ್ಪು, ಮಗುವಿಗೆ ಮುತ್ತಿಟ್ಟ ತಾಯಿಗೇ ಮೊದಲು ಅನುಮಾನ ಬರುವುದುಂಟು. ಆ ಗಟ್ಟಿ ಲೋಳೆಯಲ್ಲಿ ಬ್ಯಾಕ್ಟೀರಿಯಾ ಒಮ್ಮೆ ಕೂತರೆ ಏಳುವುದೇ ಇಲ್ಲ. ವರ್ಷಗಟ್ಟಲೆ ಅಲ್ಲೇ ಸಂಸಾರ.

ಈ ರೋಗಿಗಳು ಒಬ್ಬರನ್ನೊಬ್ಬರು ಭೇಟಿ ಆಗಬಾರದು ಅನ್ನುವ ನಿಯಮ ಹಳೆಯದು. 1980 ಮತ್ತು 90ರ ದಶಕಗಳಲ್ಲಿ ಬರ್ಕ್‌ಹೋಲ್ಡೇರಿಯಾ ಅನ್ನುವ ಬ್ಯಾಕ್ಟೀರಿಯಾ ಬೇಸಿಗೆ ಶಿಬಿರಗಳಲ್ಲಿ, ಕ್ಲಿನಿಕ್ಕುಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತ್ತು. 1996ರಲ್ಲಿ ಲಿವರ್‌ಪೂಲಿನ ಮಕ್ಕಳಲ್ಲಿ ಸ್ಯೂಡೋಮೊನಾಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಒಂದೇ ತಳಿ ಹರಡಿದ್ದು ಗೊತ್ತಾಯಿತು. ಶಿಬಿರಗಳು ನಿಂತವು. ತನ್ನ ಕಷ್ಟ ಹೇಳದೆಯೇ ಅರ್ಥವಾಗುವ ಜನ ಯಾರೋ ಅವರ ಜೊತೆಯೇ ಕೂತು ಕಾಫಿ ಕುಡಿಯುವಂತಿಲ್ಲ. ಯೋಚನೆ ಮಾಡಿದರೆ ಎಂಥ ಕ್ರೂರ ನಿಯಮ, ಅಲ್ವಾ? ಆದರೆ ಬೇರೆ ದಾರಿ ಇರಲಿಲ್ಲ.

ಅಬ್ಸೆಸಸ್ ವಿಷಯದಲ್ಲಿ ಮಾತ್ರ ಅಷ್ಟು ಭಯ ಇರಲಿಲ್ಲ. ಅದು ಪರಿಸರದ್ದು ಅನ್ನುವ ನಂಬಿಕೆ ಇತ್ತಲ್ಲ. ಆದರೆ ಅಂಟಿಕೊಂಡವರ ಪಾಡು ಕೇಳಬೇಡಿ. ತಿಂಗಳುಗಟ್ಟಲೆ ಚಿಕಿತ್ಸೆ, ಹಲವರಿಗೆ ವರ್ಷದ ಮೇಲೂ. ರಕ್ತನಾಳಕ್ಕೆ ಅಮಿಕಾಸಿನ್, ಜೊತೆಗೆ ಇಮಿಪೆನೆಮ್ ಅಥವಾ ಸೆಫಾಕ್ಸಿಟಿನ್, ಬಾಯಿಗೆ ಅಜಿಥ್ರೋಮೈಸಿನ್ ಥರದ ಮಾತ್ರೆ. ಅಮಿಕಾಸಿನ್ ಜಾಸ್ತಿ ದಿನ ಕೊಟ್ಟರೆ ಕಿವಿಗೆ ಪೆಟ್ಟು. ಇಷ್ಟೆಲ್ಲ ಮಾಡಿದರೂ ವಾಸಿಯಾಗುವ ಖಾತ್ರಿ ಇಲ್ಲ. ಶ್ವಾಸಕೋಶದ ಕಸಿಗೆ ಕಾಯುತ್ತಿರುವವರಿಗೆ ಇದು ಬಂದರೆ ಎಷ್ಟೋ ಕೇಂದ್ರಗಳು ಕಸಿ ಮಾಡಲು ಹಿಂದೇಟು ಹಾಕುತ್ತವೆ.

ತೊಡಕು ಎಲ್ಲಿತ್ತು

ಒಂದೇ ಕೇಂದ್ರದಲ್ಲಿ ಹಲವು ರೋಗಿಗಳ ಕಫದಲ್ಲಿ ಅಬ್ಸೆಸಸ್ ಬೆಳೆಯುತ್ತಿತ್ತು. ಪ್ರಶ್ನೆ ಸರಳ: ಎಲ್ಲರೂ ತಮ್ಮ ತಮ್ಮ ಮನೆಯ ನೀರು, ಮಣ್ಣಿನಿಂದ ತಂದುಕೊಂಡರೋ? ಆಸ್ಪತ್ರೆಯ ಒಂದೇ ನಲ್ಲಿಯಿಂದ ಎಲ್ಲರಿಗೂ ಬಂತೋ? ಅಥವಾ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತೋ? ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಾದರೆ ಆಸ್ಪತ್ರೆ ಮಾಡುವಂಥದ್ದು ಏನೂ ಇಲ್ಲ. ಎರಡನೆಯದಾದರೆ ಪ್ಲಂಬರ್ ಕರೆಸಬೇಕು. ಮೂರನೆಯದಾದರೆ ಕ್ಲಿನಿಕ್ ನಡೆಸುವ ರೀತಿಯನ್ನೇ ಬದಲಿಸಬೇಕು.

ಹಳೆಯ ಪರೀಕ್ಷೆಗಳು ಇಲ್ಲಿ ಕೈಕೊಡುತ್ತಿದ್ದವು. ಅವು ಜೀನೋಮಿನ, ಅಂದರೆ ಬ್ಯಾಕ್ಟೀರಿಯಾದ ಇಡೀ ಡಿಎನ್‌ಎ ಬರಹದ, ಕೆಲವೇ ಜಾಗಗಳನ್ನು ನೋಡಿ ತಳಿ ಗುರುತಿಸುತ್ತವೆ. ಎರಡು ಮಾದರಿಗಳು 'ಒಂದೇ ತಳಿ' ಅಂದರೆ ಅಣ್ಣತಮ್ಮಂದಿರೋ ಅಥವಾ ಹತ್ತು ತಲೆಮಾರಿನ ಹಿಂದೆ ಕವಲೊಡೆದ ದೂರದ ನೆಂಟರೋ ಅಂತ ಹೇಳಲು ಆಗುವುದಿಲ್ಲ. ಊರಿನಲ್ಲಿ ಒಂದೇ ಮನೆತನದ ಹೆಸರಿರುವ ಇಬ್ಬರನ್ನು ನೋಡಿ ಇವರು ಒಡಹುಟ್ಟಿದವರು ಅಂದ ಹಾಗೆ.

ಏನು ಮಾಡಿದರು

ಜೀನೋಮ್ ಓದುವುದಕ್ಕೆ ಹೆಸರಾದ, ಕೇಂಬ್ರಿಜ್ ಹತ್ತಿರದ ಸ್ಯಾಂಗರ್ ಸಂಸ್ಥೆಯವರು ಜೊತೆಯಾದರು. 2007ರಿಂದ 2011ರವರೆಗೆ ಆ ಕೇಂದ್ರದ 31 ರೋಗಿಗಳಿಂದ ಸಿಕ್ಕ 168 ಮಾದರಿಗಳ ಇಡೀ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದಿದರು. ಸಂಖ್ಯೆ ಗಮನಿಸಿ. 31 ಜನ, 168 ಮಾದರಿ. ಒಬ್ಬರಿಂದ ಒಂದೊಂದು ಸಾಕು ಅಂತ ಬಿಡಲಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ವರ್ಷ ಬೆಳೆದದ್ದನ್ನೆಲ್ಲ ಓದಿದರು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಜಾಣ ನಿರ್ಧಾರ ಅನ್ನಿಸಿದ್ದು ಇದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲ್ಯಾಬಿನವರಿಗೆ ಗೊತ್ತು, ಇದರಲ್ಲಿ ಮೊದಲ ಹೆಜ್ಜೆಯೇ ಗೋಳು. ಈ ರೋಗಿಗಳ ಕಫದಲ್ಲಿ ಸ್ಯೂಡೋಮೊನಾಸ್ ತುಂಬಿ ತುಳುಕುತ್ತಿರುತ್ತದೆ. ಹಾಗೇ ಪ್ಲೇಟಿಗೆ ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ಅದೇ ಎಲ್ಲ ಆವರಿಸಿಕೊಂಡು ಹಸಿರು ಬಣ್ಣ ಬಿಟ್ಟು ಕೂತಿರುತ್ತದೆ. ಕೆಳಗೆ ಅಬ್ಸೆಸಸ್ ಇದ್ದರೂ ಕಾಣುವುದಿಲ್ಲ. ಅದಕ್ಕೇ ಕಫವನ್ನು ಮೊದಲು ಕ್ಷಾರದಲ್ಲಿ, ಆಮೇಲೆ ಆಕ್ಸಾಲಿಕ್ ಆಮ್ಲದಲ್ಲಿ ತೊಳೆದು ಬೇರೆಯವನ್ನು ಕೊಲ್ಲುತ್ತಾರೆ. ಮೈಮೇಲೆ ಮೇಣದ ಕವಚ ಇರುವುದರಿಂದ ನಮ್ಮ ಅಬ್ಸೆಸಸ್ ಉಳಿಯುತ್ತದೆ. ತೊಳೆದದ್ದು ಕಡಿಮೆಯಾದರೆ ಹಸಿರು, ಜಾಸ್ತಿಯಾದರೆ ಏನೂ ಇಲ್ಲ. ಸರಿಯಾಗಿ ಮಾಡಿದರೆ ಒಂದು ವಾರದೊಳಗೆ ಕಾಲೊನಿ ಕಾಣುತ್ತದೆ. ಟಿಬಿ ಆಗಿದ್ದರೆ ವಾರಗಟ್ಟಲೆ ಕಾಯಬೇಕಿತ್ತು.

ಜೀನೋಮ್ ಓದುವ ಕೆಲಸದ ಜೊತೆಗೇ ಇನ್ನೆರಡು ಕೆಲಸ ನಡೆದವು. ಒಂದು, ಆಸ್ಪತ್ರೆಯನ್ನು ಜಾಲಾಡಿ ಪರಿಸರದ ಮಾದರಿ ತೆಗೆದು ಬೆಳೆಸಿ ನೋಡಿದರು. ಎರಡು, ಯಾವ ರೋಗಿ ಯಾವ ದಿನ ಆಸ್ಪತ್ರೆಯಲ್ಲಿದ್ದರು, ಹೊರಗೆ ಯಾರಿಗಾದರೂ ಯಾರ ಜೊತೆಗಾದರೂ ಒಡನಾಟ ಇತ್ತೇ ಅಂತೆಲ್ಲ ಹೊಂದಿಸಿ ಸಂಪರ್ಕಗಳ ಜಾಲ ಬರೆದರು. ಈ ಎರಡನೆಯದು ಮಿಷನ್ನಿನ ಕೆಲಸವಲ್ಲ. ದಾಖಲೆ ಹುಡುಕುವ, ಕೇಳಿ ತಿಳಿಯುವ ಕೆಲಸ.

ಓಲೆಗರಿಯ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ. ಅಕ್ಷರ ಓದಿದರೆ ಯಾರಿಂದ ಯಾರಿಗೆ ಅಂತ ಹೇಗೆ ಗೊತ್ತಾಗುತ್ತದೆ?

ಹಳೆಯ ಕಾವ್ಯಗಳನ್ನು ಸಂಪಾದಿಸುವವರ ಕೆಲಸ ನೆನಪಿಸಿಕೊಳ್ಳಿ. ಒಂದೇ ಕಾವ್ಯದ ಹತ್ತಾರು ಓಲೆಗರಿ ಪ್ರತಿಗಳು ಸಿಗುತ್ತವೆ. ನಕಲು ಮಾಡಿದವನು ಎಲ್ಲೋ ಒಂದು ಒತ್ತಕ್ಷರ ಬಿಟ್ಟಿರುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವನೂ ಅದೇ ಒತ್ತಕ್ಷರ ಬಿಡುತ್ತಾನೆ, ತನ್ನದೊಂದು ಹೊಸ ತಪ್ಪನ್ನೂ ಸೇರಿಸುತ್ತಾನೆ. ಪಾಠಾಂತರಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಪ್ರತಿ ಯಾವುದರ ಮಗ, ಯಾವುದರ ಮೊಮ್ಮಗ ಅಂತ ಕಾಣುತ್ತದೆ. ಅದು ಹೆಚ್ಚುಕಡಿಮೆ ಇದೇ ಲೆಕ್ಕ. ಅಬ್ಸೆಸಸ್‌ನ ಜೀನೋಮ್ ಸುಮಾರು 50 ಲಕ್ಷ ಅಕ್ಷರಗಳ ಪುಸ್ತಕ. ಅದು ನಿಧಾನವಾಗಿ ತಪ್ಪು ಮಾಡುವ ಲಿಪಿಕಾರ, ವರ್ಷಕ್ಕೆ ಒಂದೋ ಎರಡೋ ಅಕ್ಷರ ಬದಲಾಗುತ್ತವೆ, ಅಷ್ಟೇ.

ಹೆಚ್ಚಿನ ರೋಗಿಗಳ ಮಾದರಿಗಳು ಒಂದಕ್ಕೊಂದು ದೂರದವು. ಅವರಿಗೆ ಸೋಂಕು ಬೇರೆ ಬೇರೆಯಾಗಿಯೇ ಬಂದಿತ್ತು ಅನ್ನಬಹುದು. ಆದರೆ ಮಸಿಲಿಯೆನ್ಸ್ ಅನ್ನುವ ಉಪಜಾತಿಯಲ್ಲಿ ಎರಡು ಗುಂಪುಗಳು ಎದ್ದು ಕಂಡವು. ಎರಡೂ ಸೇರಿ 11 ರೋಗಿಗಳು. ಗುಂಪಿನೊಳಗಿನ ಮಾದರಿಗಳ ನಡುವೆ ವ್ಯತ್ಯಾಸ ಹತ್ತು ಅಕ್ಷರಕ್ಕಿಂತ ಕಡಿಮೆ. 50 ಲಕ್ಷದಲ್ಲಿ ಹತ್ತೂ ಇಲ್ಲ!

ಆದರೆ ಹತ್ತು ಅಂದರೆ ಕಡಿಮೆಯೋ ಜಾಸ್ತಿಯೋ? ಸುಮ್ನೆ ಸಂಖ್ಯೆ ನೋಡಿದರೆ ಏನೂ ತಿಳಿಯುವುದಿಲ್ಲ. ಅಳತೆಗೋಲು ಬೇಕು. ಒಬ್ಬೊಬ್ಬರಿಂದ ಹಲವು ಮಾದರಿ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು. ಒಬ್ಬರ ಎದೆಯೊಳಗೇ ವರ್ಷಗಟ್ಟಲೆ ಇದ್ದ ಬ್ಯಾಕ್ಟೀರಿಯಾ ಅಲ್ಲೇ ಕವಲೊಡೆದು ಬೆಳೆದಿರುತ್ತದೆ. ಹಾಗೆ ಒಬ್ಬರದೇ ಮಾದರಿಗಳ ನಡುವೆ ಕಂಡ ವ್ಯತ್ಯಾಸಕ್ಕಿಂತಲೂ ಈ ಗುಂಪಿನ ಬೇರೆ ಬೇರೆ ರೋಗಿಗಳ ನಡುವಿನ ವ್ಯತ್ಯಾಸ ಕಡಿಮೆ ಇತ್ತು. ಒಬ್ಬರಿಂದ ಒಂದೇ ಮಾದರಿ ಓದಿದ್ದರೆ ಈ ಹೋಲಿಕೆ ಮಾಡಲು ಸಾಧ್ಯವೇ ಇರಲಿಲ್ಲ.

ತಿರುವು

ಆದರೂ ಒಂದು ಅನುಮಾನ ಉಳಿಯುತ್ತದೆ. ಎಲ್ಲರೂ ಒಂದೇ ನಲ್ಲಿಯ ನೀರು ಬಳಸಿದ್ದರೆ? ಆಗಲೂ ಮಾದರಿಗಳು ಒಂದೇ ಥರ ಇರಬಹುದಲ್ಲ. ಪರಿಸರದ ಹುಡುಕಾಟದಲ್ಲಿ ಮೂಲ ಸಿಗಲಿಲ್ಲ, ನಿಜ. ಆದರೆ ಸಿಗಲಿಲ್ಲ ಅಂದರೆ ಇಲ್ಲ ಅಂತ ಅಲ್ಲ. ಸೋಂಕು ಬಂದ ದಿನ ಇದ್ದದ್ದು ಹುಡುಕಿದ ದಿನ ಇಲ್ಲದಿರಬಹುದು.

ಈ ಗಂಟು ಬಿಚ್ಚಿದ್ದು ಮದ್ದಿಗೆ ಜಗ್ಗದ ಗುಣ. ಗುಂಪಿನ ಬ್ಯಾಕ್ಟೀರಿಯಾಗಳಿಗೆ ಅಮಿಕಾಸಿನ್ನೂ ನಾಟುತ್ತಿರಲಿಲ್ಲ, ಅಜಿಥ್ರೋಮೈಸಿನ್ ಜಾತಿಯದೇ ಆದ ಕ್ಲಾರಿಥ್ರೋಮೈಸಿನ್ನೂ ನಾಟುತ್ತಿರಲಿಲ್ಲ. ಎರಡೂ ಮದ್ದು ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಹೋಗಿ ಅಂಟುತ್ತವೆ. ಅಂಟುವ ಜಾಗದ ಒಂದು ಅಕ್ಷರ ಬದಲಾದರೆ ಸಾಕು, ಮದ್ದು ಜಾರುತ್ತದೆ. ಬಹಳಷ್ಟು ಬ್ಯಾಕ್ಟೀರಿಯಾಗಳಲ್ಲಿ ರೈಬೋಸೋಮಿನ ಆ ಜಾಗವನ್ನು ರೂಪಿಸುವ ಜೀನಿನ ಹಲವು ಪ್ರತಿಗಳಿರುತ್ತವೆ, ನಮ್ಮ ಹೊಟ್ಟೆಯ ಇ. ಕೋಲೈನಲ್ಲಿ ಏಳು. ಒಂದು ಕೆಟ್ಟರೂ ಉಳಿದವು ಇರುತ್ತವೆ. ಅಬ್ಸೆಸಸ್‌ನಲ್ಲಿ ಇರುವುದು ಒಂದೇ ಪ್ರತಿ. ಹಾಗಾಗಿ ಒಂದೇ ಅಕ್ಷರದ ತಪ್ಪು ಇಡೀ ಚಿಕಿತ್ಸೆಯನ್ನು ಮಣ್ಣುಪಾಲು ಮಾಡುತ್ತದೆ.

ಇಂಥ ಬದಲಾವಣೆ ಗಟ್ಟಿಯಾಗಿ ನೆಲೆ ನಿಲ್ಲುವುದು ಸಾಮಾನ್ಯವಾಗಿ ಆ ಮದ್ದನ್ನು ಬಹಳ ದಿನ ತೆಗೆದುಕೊಂಡವರ ಶ್ವಾಸಕೋಶದಲ್ಲಿ. ಆದರೆ ಗುಂಪಿನಲ್ಲಿದ್ದ ಹಲವರು ಆ ಮದ್ದುಗಳನ್ನು ಹಿಂದೆ ದೀರ್ಘಕಾಲ ತೆಗೆದುಕೊಂಡವರೇ ಅಲ್ಲ. ಅವರ ಕಫದಲ್ಲೂ ಅದೇ ಗಾಯದ ಗುರುತು. ಅಂದರೆ ಆ ಬ್ಯಾಕ್ಟೀರಿಯಾ ಇವರಿಗೆ ಸಿಗುವ ಮೊದಲು ಬೇರೆ ಯಾರದೋ ಎದೆಯಲ್ಲಿ, ಯಾರೋ ನುಂಗಿದ ಮದ್ದನ್ನು ಎದುರಿಸಿ ಬದುಕಿ ಬಂದಿತ್ತು. ನಲ್ಲಿ ಅಜಿಥ್ರೋಮೈಸಿನ್ ನುಂಗುವುದಿಲ್ಲವಲ್ಲ.

ನಾನು ಮೊದಲ ಸಲ ಇದನ್ನು ಓದಿದಾಗ ಪತ್ತೇದಾರಿ ಕತೆಯ ಕೊನೆಯ ಪುಟ ಓದಿದ ಹಾಗಾಗಿತ್ತು. ಜೀನೋಮಿನ ಅಕ್ಷರ ಒಂದು ಕಡೆ, ರೋಗಿಯ ಹಳೆಯ ಔಷಧಿ ಚೀಟಿ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಉತ್ತರ.

ಸಂಪರ್ಕದ ಜಾಲವೂ ಅದನ್ನೇ ಹೇಳಿತು. ಗುಂಪಿನ ಎಲ್ಲರಿಗೂ ಆಸ್ಪತ್ರೆಯಲ್ಲಿ ಸೋಂಕು ತಗಲುವ ಅವಕಾಶ ಬೇಕಾದಷ್ಟು ಸಲ ಇತ್ತು. ಹಾಗಂತ ಅಲ್ಲಿ ಮುನ್ನೆಚ್ಚರಿಕೆ ಇರಲಿಲ್ಲ ಅಂತ ಅಲ್ಲ. ಆಗಿನ ಪದ್ಧತಿಯಂತೆ ಸೋಂಕು ತಡೆಯುವ ಕ್ರಮಗಳು ಜಾರಿಯಲ್ಲಿದ್ದವು. ಅವನ್ನು ದಾಟಿ ಹೇಗೆ ಹೋಯಿತು ಅನ್ನುವುದನ್ನು ಆ ಅಧ್ಯಯನ ಖಚಿತಪಡಿಸಲಿಲ್ಲ, ನೇರ ಸಂಪರ್ಕವಿಲ್ಲದೆಯೂ ದಾಟಿರಬಹುದು ಅಂದಿತು. ಒಬ್ಬರು ಕೆಮ್ಮಿ ಹೋದ ಕೋಣೆ, ಮುಟ್ಟಿದ ಸಾಮಾನು, ಗಾಳಿಯಲ್ಲಿ ತೇಲುವ ಹನಿ, ಇವುಗಳ ಮೇಲೆ ಆಮೇಲೆ ಅನುಮಾನ ಬಲವಾಯಿತು.

ಊರು ದಾಟಿ, ದೇಶ ದಾಟಿ

ಇದು ಒಂದೇ ಆಸ್ಪತ್ರೆಯ ಕತೆ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇದಕ್ಕೂ ಸ್ವಲ್ಪ ಮೊದಲು, 2012ರಲ್ಲಿ, ಅಮೆರಿಕದ ಸಿಯಾಟಲ್‌ನ ಒಂದು ಕೇಂದ್ರದಲ್ಲೂ ಮಸಿಲಿಯೆನ್ಸ್ ಹಲವರಿಗೆ ಹಬ್ಬಿದ್ದು ವರದಿಯಾಗಿತ್ತು. 2014ರಲ್ಲಿ ಇಂಗ್ಲೆಂಡ್, ಸಿಯಾಟಲ್ ಮತ್ತು ಬ್ರೆಜಿಲಿನಲ್ಲಿ ಶಸ್ತ್ರಚಿಕಿತ್ಸೆಯ ಗಾಯಗಳಿಗೆ ಅಂಟಿದ್ದ ತಳಿ, ಮೂರನ್ನೂ ಹೋಲಿಸಿದಾಗ ಹತ್ತಿರದ ನೆಂಟರು ಅಂತ ಗೊತ್ತಾಯಿತು. ಸಾವಿರಾರು ಮೈಲಿ ದೂರ, ಒಬ್ಬರನ್ನೊಬ್ಬರು ಕಂಡೇ ಇರದ ಜನ.

2016ರಲ್ಲಿ ಇಂಗ್ಲೆಂಡಿನ ಅದೇ ಅಧ್ಯಯನದ ತಂಡದಲ್ಲಿದ್ದ ಜೋಸೆಫೀನ್ ಬ್ರಯಂಟ್, ಜೂಲಿಯನ್ ಪಾರ್ಕ್‌ಹಿಲ್, ಆಂಡ್ರೆಸ್ ಫ್ಲೋಟೊ ಮತ್ತು ಜೊತೆಗಾರರು ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ 517 ರೋಗಿಗಳ 1080 ಮಾದರಿಗಳನ್ನು ಓದಿದರು. ಹೆಚ್ಚಿನವರಲ್ಲಿ ಸಿಕ್ಕಿದ್ದು ಹತ್ತಿರದ ಸಂಬಂಧವಿರುವ ಗುಂಪುಗಳ ಬ್ಯಾಕ್ಟೀರಿಯಾ. ಕೆಲವೇ ತಳಿಗಳು ಭೂಖಂಡ ದಾಟಿ ಹರಡಿದ್ದವು. ಆ ತಳಿಗಳು ಬಂದವರ ಸ್ಥಿತಿಯೂ ಕೆಟ್ಟದಾಗಿರುತ್ತಿತ್ತು, ಇಲಿಗಳಲ್ಲೂ ಅವು ಜಾಸ್ತಿ ಉಗ್ರ.

ಇಲ್ಲೊಂದು ತಕರಾರು ಇದೆ, ಅದನ್ನೂ ಹೇಳಬೇಕು. 2015ರಲ್ಲಿ ಲಂಡನ್ನಿನ ಒಂದು ಮಕ್ಕಳ ಆಸ್ಪತ್ರೆಯವರು ತಮ್ಮ ರೋಗಿಗಳ ಮೇಲೆ ಇದೇ ರೀತಿಯ ಅಧ್ಯಯನ ಮಾಡಿದರು. ಮಗುವಿನಿಂದ ಮಗುವಿಗೆ ದಾಟಿದ ಪುರಾವೆ ಅವರಿಗೆ ಸಿಗಲಿಲ್ಲ. ಒಂದು ತಳಿ ಜಗತ್ತಿನ ತುಂಬ ಹರಡಿದ್ದರೆ ಇಬ್ಬರಲ್ಲಿ ಹತ್ತಿರದ ಬ್ಯಾಕ್ಟೀರಿಯಾ ಸಿಗುವುದು ದೊಡ್ಡ ವಿಷಯವಲ್ಲ. ಮೈಸೂರಿನ ಎರಡು ಮನೆಗಳಲ್ಲಿ ಒಂದೇ ಪಂಚಾಂಗ ಸಿಕ್ಕಿತು ಅಂದ ಮಾತ್ರಕ್ಕೆ ಒಬ್ಬರು ಇನ್ನೊಬ್ಬರಿಂದ ತಂದರು ಅಂತ ಅಲ್ಲವಲ್ಲ. ಇಂಗ್ಲೆಂಡಿನ ಪ್ರಕರಣ ಗಟ್ಟಿ ನಿಂತದ್ದು ಅಕ್ಷರಗಳ ಹೋಲಿಕೆಯಿಂದ ಮಾತ್ರ ಅಲ್ಲ, ಮದ್ದಿನ ಗುರುತು ಮತ್ತು ಆಸ್ಪತ್ರೆಯಲ್ಲಿದ್ದ ದಿನಗಳ ಲೆಕ್ಕ ಎರಡೂ ಅದರ ಜೊತೆಗೆ ಹೊಂದಿದ್ದರಿಂದ.

ಉಲ್ಟಾ ಆದದ್ದೂ ಇದೆ. ಅಮೆರಿಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ 2013ರ ನಂತರ ಶ್ವಾಸಕೋಶದ ಕಸಿ ಆದವರಲ್ಲಿ ಇದೇ ಅಬ್ಸೆಸಸ್ ಏರಿತು. ಅಲ್ಲಿ ಜಾಡು ಹೋಗಿ ನಿಂತದ್ದು ಹೊಸ ಕಟ್ಟಡದ ನಲ್ಲಿ ನೀರಿನ ಹತ್ತಿರವೇ. ಅಪಾಯದಲ್ಲಿದ್ದ ರೋಗಿಗಳಿಗೆ ನಲ್ಲಿ ನೀರು ಬಿಟ್ಟು ಸ್ಟೆರೈಲ್ ನೀರು ಕೊಟ್ಟಾಗ ಸೋಂಕು ಇಳಿಯಿತು. ಹಾಗಾಗಿ ಒಂದು ಆಸ್ಪತ್ರೆಯ ಉತ್ತರವನ್ನು ಇನ್ನೊಂದಕ್ಕೆ ಹಾಗೇ ಅಂಟಿಸುವುದಕ್ಕೆ ಆಗುವುದಿಲ್ಲ. ಪ್ರತಿ ಸಲ ಓದಿಯೇ ನೋಡಬೇಕು.

ನಮ್ಮ ಲ್ಯಾಬಿನ ಮಟ್ಟಿಗೆ

ನಮ್ಮಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಪತ್ತೆಯಾಗುವುದೇ ಕಡಿಮೆ. ಆದರೆ ಅಬ್ಸೆಸಸ್ ನಮಗೆ ಹೊಸದಲ್ಲ. ಲ್ಯಾಪರೊಸ್ಕೋಪಿ ಮಾಡಿದ ತೂತಿನಲ್ಲಿ ವಾಸಿಯಾಗದೆ ಸೋರುವ ಗಾಯ ಅಂದರೆ ಇದರ ನೆನಪು ಬರಬೇಕು. ಹಳೆಯ ಟಿಬಿಯಿಂದ ಶ್ವಾಸಕೋಶ ಹಾಳಾದವರಲ್ಲೂ ಇದರ ದಾಯಾದಿಗಳು ಸೇರಿಕೊಳ್ಳುತ್ತವೆ. ಸ್ಲೈಡಿನಲ್ಲಿ ಕೆಂಪು ಕಡ್ಡಿ ಇದೆ, ಆದರೆ ಟಿಬಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಟಿಬಿ ಇಲ್ಲ ಅನ್ನುತ್ತದೆ ಅಂದರೆ ಅಲ್ಲೇ ನಿಂತು ಯೋಚಿಸಬೇಕು. ಎಷ್ಟೋ ಸಲ ಅಷ್ಟರಲ್ಲಿ ಟಿಬಿ ಮಾತ್ರೆ ಶುರುವಾಗಿರುತ್ತದೆ. ಆ ಮಾತ್ರೆಗಳಿಗೆ ಅಬ್ಸೆಸಸ್ ಸೊಪ್ಪು ಹಾಕುವುದಿಲ್ಲ. ತಿಂಗಳುಗಳ ನಂತರ ಕಫದಲ್ಲಿ ಅದೇ ಕಡ್ಡಿಗಳು. ಆಗ ರೋಗಿಗೇ ಬೈಗುಳ, ಮಾತ್ರೆ ಸರಿಯಾಗಿ ನುಂಗಿಲ್ಲ ಅಂತ.

ಇಂಗ್ಲೆಂಡಿನವರಿಗೆ ಇದೆಲ್ಲ ಸಾಧ್ಯವಾದದ್ದು ನಾಲ್ಕೈದು ವರ್ಷದ ಮಾದರಿಗಳು ಎಸೆಯದೆ ಉಳಿದಿದ್ದರಿಂದ. ಮಿಷನ್ ಆಮೇಲಾದರೂ ಬರುತ್ತದೆ, ಎಸೆದ ಮಾದರಿ ಮಾತ್ರ ವಾಪಸ್ ಬರುವುದಿಲ್ಲ. ನಮ್ಮ ಲ್ಯಾಬಿನಲ್ಲಿ ವರದಿ ಕಳಿಸಿದ ಮೇಲೆ ಪ್ಲೇಟು ಬಿಸಿ ಹಬೆಯಲ್ಲಿ ಎಲ್ಲ ಕೊಲ್ಲುವ ಆಟೋಕ್ಲೇವಿಗೆ ಹೋಗುತ್ತಿತ್ತು. ಇಟ್ಟುಕೊಳ್ಳುವುದಕ್ಕೆ ಜಾಗ ಎಲ್ಲಿದೆ, ಯಾರು ಲೆಕ್ಕ ಬರೆಯುತ್ತಾರೆ ಅನ್ನುವುದು ಸಿದ್ಧ ಉತ್ತರ. ಆ ಉತ್ತರ ಕೊಟ್ಟವರಲ್ಲಿ ನಾನೂ ಒಬ್ಬ.

ಈ ಪ್ರಕರಣವನ್ನು ನಮ್ಮ ಹುಡುಗರಿಗೆ ವಿವರಿಸಿದ ಮರುದಿನ ಒಬ್ಬಳು ಬಂದು, "ಸಾರ್, ಮೈನಸ್ ಎಂಬತ್ತರ ಫ್ರೀಜರಿನಲ್ಲಿ ಕೆಳಗಿನ ಡ್ರಾಯರ್‌ನಲ್ಲಿ ಬರೀ ಐಸ್ ಕಟ್ಟಿದೆ, ಕೆರೆದು ತೆಗೆದರೆ ಎರಡು ಡಬ್ಬಿ ಹಿಡಿಸುತ್ತೆ," ಅಂದಳು. ಕೆರೆದೆವು. ಈಗ ಟಿಬಿ ಅಲ್ಲದ ಕೆಂಪು ಕಡ್ಡಿ ಯಾವುದೇ ಬೆಳೆದರೂ ಗ್ಲಿಸರಾಲ್ ಹಾಕಿದ ಎರಡೆರಡು ಟ್ಯೂಬು ಅಲ್ಲಿಗೆ ಹೋಗುತ್ತವೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು: ಮಾದರಿಯ ಸಂಖ್ಯೆ, ತಾರೀಖು, ವಾರ್ಡು, ರೋಗಿ ಅಲ್ಲಿಯವರೆಗೆ ತೆಗೆದುಕೊಂಡ ಮದ್ದು. ಕೊನೆಯ ಕಾಲಂ ತುಂಬಿಸಲು ವಾರ್ಡಿಗೆ ಫೋನ್ ಮಾಡಬೇಕು, ಅಲ್ಲಿ ಬೈಸಿಕೊಳ್ಳಬೇಕು. ಆ ಕಾಲಂ ಖಾಲಿ ಬಿಟ್ಟ ಟ್ಯೂಬನ್ನು ಅವಳು ಡಬ್ಬಿಗೆ ಹಾಕಲು ಬಿಡುವುದಿಲ್ಲ.